ಬಂದವರಿಗೆ ತೋರಿಸುವ ಡಿಶ್

ನಮ್ಮ ಲ್ಯಾಬಿನಲ್ಲಿ ಬಂದವರಿಗೆ ತೋರಿಸಲೆಂದೇ ಒಂದು ಡಿಶ್ ಇರುತ್ತದೆ. ಇದು ಯಾರೂ ಮಾಡಿದ ನಿಯಮವಲ್ಲ, ತಾನಾಗಿ ನಡೆದುಬಂದ ರೂಢಿ. ಕಾಲೇಜಿನ ಹುಡುಗರು ಬರುತ್ತಾರೆ, ಅನುದಾನ ಕೊಡುವ ಕಚೇರಿಯವರು ಬರುತ್ತಾರೆ, ಯಾರದೋ ಅಪ್ಪ ಅಮ್ಮ ರೈಲಿಗೆ ಇನ್ನೂ ಹೊತ್ತಿದೆ ಎಂದು ಮಗಳು ಕೆಲಸ ಮಾಡುವ ಜಾಗ ನೋಡಲು ಬರುತ್ತಾರೆ. ಪ್ರಯೋಗ ನಡೆಯುತ್ತಿರುವ ಡಿಶ್‌ಗಳನ್ನು ಇನ್ಕ್ಯುಬೇಟರಿನ ಬೆಚ್ಚನೆಯ ಗೂಡಿನಿಂದ ತೆಗೆದು ಇವರೆಲ್ಲರ ಮುಂದೆ ಹಿಡಿಯುವಂತಿಲ್ಲ. ತಣ್ಣಗಾದರೆ ಒಳಗಿನ ನರಕೋಶಗಳು ಸೊರಗುತ್ತವೆ. ಆದ್ದರಿಂದ ಲೆಕ್ಕದಿಂದ ತೆಗೆದುಹಾಕಿದ, ಆದರೆ ನೋಡಲು ಚೆಂದವಾಗಿರುವ ಒಂದನ್ನು ಇನ್ಕ್ಯುಬೇಟರಿನ ಕೆಳಗಿನ ಅರೆಯಲ್ಲಿ ಇಟ್ಟುಕೊಂಡಿರುತ್ತೇವೆ. ಅದು ಲೆಕ್ಕಕ್ಕಿಲ್ಲ ಎಂಬುದಕ್ಕೆ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಇಂಟು ಗುರುತು.

ಡಿಶ್ಶಿನೊಳಗೆ ಇರುವುದು ಒಂದು ಚಿಪ್. ಹೆಸರು ಕೇಳಿ ಕಂಪ್ಯೂಟರಿನದೆಂದು ತಿಳಿಯಬಾರದು. ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಷ್ಟು ದೊಡ್ಡದಾದ, ಆಚೆಯದು ಕಾಣುವಷ್ಟು ತಿಳಿಯಾದ ಸಿಲಿಕೋನ್ ತುಂಡು ಅದು. ಜೇನಿನಂತೆ ಮಂದವಾದ ದ್ರವವನ್ನು ಅಚ್ಚಿನ ಮೇಲೆ ಹೊಯ್ದು, ಗುಳ್ಳೆ ಹೋಗುವವರೆಗೆ ಕಾದು, ಬಿಸಿಯಲ್ಲಿಟ್ಟು ಗಟ್ಟಿ ಮಾಡಿ, ಬ್ಲೇಡಿನಿಂದ ಕೊಯ್ದು ಎಬ್ಬಿಸಿ ನಾವೇ ಮಾಡಿಕೊಳ್ಳುತ್ತೇವೆ. ಅದರ ಅಡಿಯಲ್ಲಿ ಎರಡು ಕೋಣೆಗಳು, ನಡುವೆ ಕೂದಲಿಗಿಂತ ಸಣ್ಣ ಓಣಿಗಳು. ಒಂದು ಕೋಣೆಯಲ್ಲಿ ನರಕೋಶಗಳನ್ನು ಬಿಡುತ್ತೇವೆ. ಕೋಶದ ಮೈ ಓಣಿಯಲ್ಲಿ ಹಿಡಿಸುವುದಿಲ್ಲ. ಅದು ಚಾಚುವ ಎಳೆ ಮಾತ್ರ ತೂರಿಕೊಂಡು ಆಚೆಯ ಕೋಣೆ ಸೇರುತ್ತದೆ. ಕೆಲವು ದಿನ ಬಿಟ್ಟು ಆಚೆಯ ಕೋಣೆಯ ದ್ರವವನ್ನು ಪಿಪೆಟ್ಟಿನಿಂದ ಜೋರಾಗಿ ಹೀರಿದರೆ ಎಳೆಗಳು ಓಣಿಯ ಬಾಯಿಯಲ್ಲೇ ಹರಿಯುತ್ತವೆ, ಈಚೆಯ ಕೋಶಗಳಿಗೆ ಏನೂ ಆಗಿರುವುದಿಲ್ಲ. ಅದೇ ನಾವು ಮಾಡುವ ಗಾಯ. ಹರಿದ ಎಳೆ ಮತ್ತೆ ಬೆಳೆಯುತ್ತದೆಯೇ, ಏನು ಹಾಕಿದರೆ ಬೇಗ ಬೆಳೆಯುತ್ತದೆ ಎಂದು ನೋಡುತ್ತ ಕೂರುವುದು ವಡೋದರಾದಲ್ಲಿ ನನ್ನ ಕೆಲಸ.

ಮನೆಯವರಿಗೆ ಇಷ್ಟೆಲ್ಲ ಹೇಳುವ ತಾಳ್ಮೆ ನನಗಿರಲಿಲ್ಲ. "ನರ ಬೆಳೆಸ್ತೀವಿ" ಎಂದುಬಿಡುತ್ತಿದ್ದೆ. ಅಹಮದಾಬಾದಿನಲ್ಲಿ ರೈಲ್ವೆಯ ಕೆಲಸದಲ್ಲಿರುವ ನನ್ನ ಅಪ್ಪ ಆ ಎರಡು ಪದಗಳನ್ನು ತಮ್ಮ ಇಡೀ ಆಫೀಸಿಗೆ ಹಂಚಿದ್ದರು.

ಸೂರತ್‌ನಲ್ಲಿರುವ ಕಾಕಾ ಅಪ್ಪನ ತಮ್ಮ. ವಿಮೆಯ ಕಚೇರಿಯಲ್ಲಿ ಕೆಲಸ, ಧಾರವಾಡದಿಂದ ವರ್ಗವಾಗಿ ಬಂದವರು ಅಲ್ಲೇ ನೆಲೆಯಾದರು. ಈ ವರ್ಷ ಉತ್ತರಾಯಣದ ಪಟದ ಹಬ್ಬ ಮುಗಿದ ಮೇಲೆ, ಆಕಾಶದಲ್ಲಿ ಪಟಗಳೆಲ್ಲ ಖಾಲಿಯಾದ ಮೇಲೆ, ಮರಕ್ಕೂ ದೀಪದ ಕಂಬಕ್ಕೂ ನಡುವೆ ಜೋತುಬಿದ್ದಿದ್ದ, ಗಾಜುಪುಡಿ ಸವರಿದ ಪಟದ ದಾರ ಅವರ ಸ್ಕೂಟರಿಗೆ ಅಡ್ಡ ಬಂತು. ಕುತ್ತಿಗೆ ಉಳಿಸಿಕೊಳ್ಳಲು ಬಲಗೈ ಎತ್ತಿದರು. ದಾರ ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆ, ಆಳಕ್ಕೆ ಇಳಿಯಿತು. ಹತ್ತಿರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಕಳಿಸಿದರು. ಗಾಯ ಮಾಯಿತು. ಆದರೆ ಕಿರುಬೆರಳು ಮತ್ತು ಉಂಗುರದ ಬೆರಳು ಮರಗಟ್ಟಿ ಒಳಕ್ಕೆ ಬಾಗತೊಡಗಿದವು. ಅನ್ನ ಕಲಸಿದರೆ ಬೆರಳ ಸಂದಿಯಿಂದ ಜಾರುತ್ತಿತ್ತು. ಒಂದು ದಿನ ಬಿಸಿ ಚಹಾದ ಪಾತ್ರೆಗೆ ಕಿರುಬೆರಳು ತಾಗಿ ಬೊಬ್ಬೆ ಎದ್ದರೂ, ಅವರ ಹೆಂಡತಿ, ನಮ್ಮ ಕಾಕು, ನೋಡಿ ಚೀರುವವರೆಗೆ ಅವರಿಗೆ ಗೊತ್ತಿರಲಿಲ್ಲ. ಅವರ ಮನೆ ವರಾಛಾದಲ್ಲಿದೆ. ಅಲ್ಲಿ ಅಕ್ಕಪಕ್ಕದವರ ಅನ್ನವೆಲ್ಲ ಬೆರಳ ತುದಿಯಲ್ಲೇ ಇರುವುದು, ವಜ್ರಕ್ಕೆ ಮೆರುಗು ಕೊಡುವವರು. ಹಾಗಾಗಿ ಬೀದಿಯಲ್ಲಿ ಸಿಕ್ಕವರೆಲ್ಲ ಮೊದಲು ಇವರ ಕೈ ವಿಚಾರಿಸಿ ಆಮೇಲೆ ಮಾತಿಗೆ ತೊಡಗುತ್ತಿದ್ದರು.

ಅಲ್ಕಾಪುರಿಯಲ್ಲಿ ನರದ ಪರೀಕ್ಷೆ ಮಾಡುವ ಡಾಕ್ಟರು ಇದ್ದಾರೆಂದು ಕಾಕಾ ಮತ್ತು ಕಾಕು ಒಂದು ದಿನ ವಡೋದರಾಕ್ಕೆ ಬಂದರು. ತೋರಿಸಿಕೊಂಡು ನೇರವಾಗಿ ನನ್ನ ಲ್ಯಾಬಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ರಿಪೋರ್ಟು. ನರ ಪೂರ್ತಿ ಹರಿದಿದೆ, ಕಾಲಿನಿಂದ ಒಂದು ತುಂಡು ನರ ತೆಗೆದು ಇಲ್ಲಿ ಸೇರಿಸಬೇಕು, ತಡ ಮಾಡಬೇಡಿ ಎಂದಿದ್ದರಂತೆ. ಇದನ್ನು ಅವರು ನನಗೆ ಲ್ಯಾಬಿನ ಬಾಗಿಲಲ್ಲಿ ಹೇಳಿದರೋ, ಮೈಕ್ರೋಸ್ಕೋಪು ನೋಡಿದ ಮೇಲೆ ಹೇಳಿದರೋ ನನಗೆ ಖಚಿತವಿಲ್ಲ. ಆಮೇಲೆ ಹೇಳಿದ್ದರೆ ತಪ್ಪಿನಲ್ಲಿ ನನ್ನ ಪಾಲು ಸ್ವಲ್ಪ ಹಗುರವಾಗುತ್ತದೆ. ಆದ್ದರಿಂದಲೇ ಆಮೇಲೆ ಹೇಳಿದರು ಎಂದು ನನಗೆ ನೆನಪಾಗುತ್ತಿರಬಹುದು.

"ಕಾಕಾ, ಬೂಟು ಇಲ್ಲೇ ಬಿಚ್ರಿ. ಈ ನೀಲಿ ಚಪ್ಪಲಿ ಹಾಕ್ಕೋರಿ."

"ಗುಡಿಗೆ ಬಂಧಂಗ ಆತಲ್ಲ," ಎಂದರು ಕಾಕಾ.

"ಗುಡಿಯಾಗ ಇಷ್ಟು ಥಂಡಿ ಇರೂದಿಲ್ಲ," ಎಂದು ಕಾಕು ಸೆರಗು ಹೊದ್ದುಕೊಂಡರು.

ನಾನು ಕೆಳಗಿನ ಅರೆಯಿಂದ ಡಿಶ್ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಾಕಾ ಬಾಗಿದರು.

"ಏನೂ ಕಾಣವಲ್ದು. ನನ್ನ ಕಣ್ಣಿನ ರೆಪ್ಪಿನs ಕಾಣಾಕತ್ತಾವ."

ತಿರುಪು ತಿರುಗಿಸಿ ಸರಿ ಮಾಡಿದೆ.

"ಹಾಂ... ಹಾಂ. ಅಯ್ಯ ಇವನ, ಶಾವಿಗಿ ಒಣಾ ಹಾಕಿಧಂಗ ಅದ ಅಲ್ಲಾ!"

"ಎಲ್ಲಿ ಹೋದ್ರೂ ನಿಮಗ ತಿನ್ನೂದs ಕಾಣ್ತದ," ಎಂದರು ಕಾಕು.

"ಯಾರ ನರ ಇವು?"

"ಇಲಿವು ಕಾಕಾ. ಹುಟ್ಟೋದಕ್ಕಿಂತ ಮುಂಚಿನ ಮರಿವು."

ಕಾಕು ಮೇಜಿನ ಮೇಲಿಟ್ಟಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. "ಹುಟ್ಟೋದಕ್ಕಿಂತ ಮುಂಚೆ ಅಂದ್ರ... ತಾಯಿ ಇಲಿ?" ಎಂದರು. ನಾನು ಕೇಳಿಸದವಳಂತೆ ಬೆಳಕು ಹೆಚ್ಚು ಮಾಡಿದೆ. ನಾನು ಬಾಡಿಗೆಗಿರುವ ಮನೆಯ ಜೈನ ಅಜ್ಜಿಯ ಮುಂದೆಯೂ ನಾನು ಹೀಗೇ ಮಾಡುತ್ತೇನೆ. ಕೆಲಸದ ಬಗ್ಗೆ ಅವರು ಕೇಳಿದಾಗ ಮಾತನ್ನು ಬೆಳಕಿದ್ದ ಕಡೆಗೆ ತಿರುಗಿಸುತ್ತೇನೆ.

"ಕಡದದ್ದು ಎಲ್ಲೆ?" ಎಂದರು ಕಾಕಾ.

"ಅಲ್ಲಿ ಸಣ್ಣ ಓಣಿ ಮುಗೀತಾವಲ್ಲ, ಆ ಗೆರಿ ಹತ್ರ."

"ಅಲ್ಲಿಂದ ಮತ್ತ ಇಷ್ಟೆಲ್ಲಾ ಬಂದಾವ?"

"ಹೂಂ."

"ತಾವs ತಾವು?"

ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು ವಿವರಿಸುತ್ತಿದ್ದೇನೆ. ಡಿಶ್ಶಿನಲ್ಲಿ ದೂರ ಬಹಳ ಕಡಿಮೆ, ಇವು ಎಳೆಯ ಕೋಶಗಳು, ನಾವು ಬೆಳವಣಿಗೆಗೆ ಬೇಕಾದ್ದನ್ನೆಲ್ಲ ಹಾಕಿರುತ್ತೇವೆ, ಮನುಷ್ಯರ ಕೈಯ ಮಾತು ಬೇರೆ ಎಂದು. ಇನ್ನೊಂದರಲ್ಲಿ ಕಾಕಾ ಮೈಕ್ರೋಸ್ಕೋಪಿನಿಂದ ಮುಖ ಎತ್ತಿದ್ದಾರೆ, ಅವರ ಕಣ್ಣಿನ ಸುತ್ತ ಅದರ ದುಂಡನೆಯ ಗುರುತು ಮೂಡಿದೆ, ಅವರು ನಗುತ್ತಿದ್ದಾರೆ, ನಾನೂ ನಗುತ್ತ ತಲೆಯಾಡಿಸುತ್ತಿದ್ದೇನೆ. ಕಾಕು ಹೇಳುವುದು ಎರಡನೆಯದನ್ನೇ. "'ಹೌದು ಕಾಕಾ, ತಾವs ತಾವು' ಅಂದಿ ನೀ," ಎನ್ನುತ್ತಾರೆ. ಆ ದಿನದ ನನ್ನ ಡೈರಿಯಲ್ಲಿ "ಕಾಕಾ ಬಂದಿದ್ದರು, ಬಹಳ ಖುಷಿಪಟ್ಟರು" ಎಂದಷ್ಟೇ ಇದೆ. ಅವರು ಏಕೆ ಖುಷಿಪಟ್ಟರು ಎಂದು ಕೇಳಿಕೊಂಡಂತಿಲ್ಲ. ನನ್ನ ಕೆಲಸವನ್ನು ನಮ್ಮ ಮನೆಯವರೊಬ್ಬರು ಮೊದಲ ಸಲ ಕಣ್ಣಿಟ್ಟು ನೋಡಿ ಖುಷಿಪಟ್ಟರು. ನನಗೆ ಅಷ್ಟು ಸಾಕಾಗಿತ್ತು.

ಯುಗಾದಿಗೆ ಅಹಮದಾಬಾದಿನ ಕನ್ನಡಿಗರು ಸೇರುತ್ತಾರೆ. ಬಾಹ್ಯಾಕಾಶ ಸಂಶೋಧನೆಯವರು, ಬ್ಯಾಂಕಿನವರು, ವಟ್ವಾದ ಬಣ್ಣದ ಕಾರ್ಖಾನೆಯ ಒಬ್ಬಿಬ್ಬರು ಕೆಮಿಸ್ಟರು, ಅವರ ಹೆಂಡಂದಿರು, ತಮ್ಮತಮ್ಮಲ್ಲಿ ಗುಜರಾತಿಯಲ್ಲಿ ಪಿಸುಗುಡುವ ಮಕ್ಕಳು. ಪ್ರಾರ್ಥನೆ, ಮಕ್ಕಳ ನೃತ್ಯ, ಆಮೇಲೆ ಸನ್ಮಾನ, ಆಮೇಲೆ ಊಟ. ಸನ್ಮಾನಕ್ಕೆ ಪ್ರತಿವರ್ಷ ಯಾರಾದರೂ ಬೇಕು. ಕಳೆದ ಸಲ ನಿವೃತ್ತರಾದ ಸ್ಟೇಷನ್ ಮಾಸ್ತರರು ಸಿಕ್ಕಿದ್ದರು, ಈ ಸಲ ಅಪ್ಪ ನನ್ನ ಹೆಸರು ಕೊಟ್ಟಿದ್ದರು. ನಾನು ಬೇಡವೆಂದೆ. ತುಂಬ ಗಟ್ಟಿಯಾಗಿ ಬೇಡವೆನ್ನಲಿಲ್ಲ.

ನಿರೂಪಣೆ ಮಾಡುತ್ತಿದ್ದ ಹುಡುಗಿ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡಿದ್ದ ಕನ್ನಡವನ್ನು ಓದಿದಳು. "ಕಡಿದ ನರಗಳನ್ನು ಮತ್ತೆ ಬೆಳೆಸುವ ನಮ್ಮ ಹೆಮ್ಮೆಯ ಅಕ್ಕ." ಹಣ್ಣಿನ ತಟ್ಟೆ ಬಂತು. ಶಾಲು ಹೊದಿಸಲು ಮನೆಯ ಹಿರಿಯರು ಯಾರಾದರೂ ಬರಲಿ ಎಂದಾಗ ಅಪ್ಪ ಸೂರತ್‌ನಿಂದ ಬಂದಿದ್ದ ತಮ್ಮನನ್ನು ಮುಂದೆ ತಳ್ಳಿದರು. ಕಾಕಾ ಶಾಲಿನ ಎರಡು ತುದಿ ಹಿಡಿದು ನನ್ನ ಹೆಗಲ ಮೇಲೆ ತಂದರು. ಬಲಗೈಯ ತುದಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಸಭೆ ಪ್ರೀತಿಯಿಂದ ನಕ್ಕಿತು. ಕೊನೆಗೆ ನಾನೇ ಆ ತುದಿ ಎಳೆದುಕೊಂಡೆ.

ಅಲ್ಲಿಗೆ ಇಳಿದುಬಿಡುತ್ತಾರೆ ಎಂದುಕೊಂಡರೆ ಕಾಕಾ ಮೈಕ್ ಹಿಡಿದರು.

"ಹೆಚ್ಚಿಗಿ ಮಾತಾಡೂದಿಲ್ಲ. ಈ ಕೈ ನೋಡ್ರಿ. ಡಾಕ್ಟರ್ ಏನಂದ್ರು, ಕಾಲಾಗಿನ ನರ ಕಿತ್ತು ಕೈಗೆ ಹಾಕ್ತೀನಿ ಅಂದ್ರು. ಕೈನೂ ಹೋತು, ಕಾಲೂ ಹೋತು ಅಂದ್ಕೊಂಡೆ. ಬ್ಯಾಡ ಅಂದುಬಿಟ್ಟೆ! ಯಾಕಂದ್ರ ನಮ್ಮ ಮನಿಯಾಗs ಡಾಕ್ಟರ್ ಇದ್ದಾಳ. ಬರೇ ಬಾಯಿಮಾತು ಅಲ್ಲ, ನನಗ ಕಣ್ಣಾರೆ ತೋರಿಸ್ಯಾಳ. ನರ ತಾನs ಬೆಳೀತದ."

ಚಪ್ಪಾಳೆ ಬಿತ್ತು. ಆಪರೇಷನ್ ಬೇಡವೆಂದಿದ್ದು ನನಗೆ ಗೊತ್ತಾದದ್ದು ಆಗಲೇ, ಇನ್ನೂರು ಜನರ ಜೊತೆಗೆ, ಹೆಗಲ ಮೇಲೆ ಶಾಲು ಇರುವಾಗ.

ಆಗ ನನ್ನ ಕಣ್ಣ ಮುಂದೆ ಬಂದದ್ದು ಡಿಶ್ಶಿನ ಮುಚ್ಚಳ. ಅದರ ಮೇಲಿನ ಇಂಟು ಗುರುತು. ಅದನ್ನು ಹಾಕಿದವಳು ನಾನೇ. ಎಳೆಗಳನ್ನು ಹೀರಿ ಹರಿಯುವಾಗ ಒಂದು ಗಾಳಿಗುಳ್ಳೆ ಕೋಣೆಯ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು. ಹೀರಿದ ಬಲವೆಲ್ಲ ಗುಳ್ಳೆಯ ಪಕ್ಕದಿಂದ ಸರಿದುಹೋಗಿ ಆ ಮೂಲೆಯ ಎಳೆಗಳು ಹಾಗೇ ಉಳಿದಿದ್ದವು. ನಮ್ಮ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುವ ಹಳ್ಳ ಇದು. ಹರಿಯದೆ ಉಳಿದದ್ದು ಮಾರನೆಯ ದಿನ ಹರಿದು ಬೆಳೆದದ್ದರ ಹಾಗೆಯೇ ಕಾಣುತ್ತದೆ, ಅದಕ್ಕಿಂತ ಚೆಂದವಾಗಿಯೇ ಕಾಣುತ್ತದೆ. ಹಾಗಾಗಿ ಅಂಥವನ್ನು ಲೆಕ್ಕದಿಂದ ತೆಗೆಯುತ್ತೇವೆ. ಚೆಂದವಿರುವುದರಿಂದ ಬಂದವರಿಗೆ ತೋರಿಸಲು ಇಟ್ಟುಕೊಳ್ಳುತ್ತೇವೆ. ಲ್ಯಾಬಿನ ದೃಷ್ಟಿಯಿಂದ ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ. ಲೆಕ್ಕ ಶುದ್ಧವಾಗಿತ್ತು.

ಕಾಕಾ ಬಾಗಿ ನೋಡುತ್ತಿದ್ದಾಗ ಇದು ನನಗೆ ತಿಳಿದಿತ್ತೇ? ಗುರುತಿನ ಅರ್ಥ ತಿಳಿದಿತ್ತು, ಮುಚ್ಚಳ ತೆಗೆದಾಗ ಕಣ್ಣಿಗೂ ಬಿದ್ದಿರಬೇಕು. ಆದರೆ ನಾನು ಅದನ್ನು ಆ ಹೊತ್ತಿನಲ್ಲಿ ಯೋಚಿಸಿದೆನೇ, ಯೋಚಿಸಿಯೂ ಮುಂದುವರಿಸಿದೆನೇ ಎಂದು ಎಷ್ಟು ಕೆದಕಿದರೂ ಸಿಗುವುದಿಲ್ಲ. ಪ್ರತಿಸಲ ಕೆದಕಿದಾಗಲೂ ಬೇರೆ ಉತ್ತರ ಬರುತ್ತದೆ. ಯಾವ ಉತ್ತರ ಬರುತ್ತದೆ ಎನ್ನುವುದು ಆ ದಿನ ನನ್ನ ಮೇಲೆ ನನಗೆಷ್ಟು ಕರುಣೆಯಿದೆ ಎನ್ನುವುದರ ಮೇಲೆ ನಿಂತಿರುತ್ತದೆ.

"ಎರಡು ಮಾತು" ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಕಾಕಾ ಮೊದಲ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. "ನಮ್ಮ ಸಂಶೋಧನೆ ಇನ್ನೂ ಬಹಳ ಆರಂಭದ ಹಂತದಲ್ಲಿದೆ. ರೋಗಿಗಳಿಗೆ ತಲುಪಲು ತುಂಬ ದೂರವಿದೆ," ಎಂದೆ. ನಿಜವನ್ನೇ ಹೇಳಿದೆ ಎಂದು ಒಂದು ಕ್ಷಣ ಅನ್ನಿಸಿತು. ಸಭೆಗೆ ಅದು ವಿನಯವಾಗಿ ಕೇಳಿಸಿತು. ಹಿಂದಿನಿಂದ ಒಬ್ಬರು "ನೋಡಿ, ಎಷ್ಟು ಸರಳ ಹುಡುಗಿ," ಎಂದರು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ನಾನು ಕೈಮುಗಿದು ಕುಳಿತೆ.

ಊಟಕ್ಕೆ ಎಲ್ಲರೂ ಏಳುವಾಗ ಕಾಕಾ ಮತ್ತು ಕಾಕು ಇಬ್ಬರನ್ನೂ ಹೊರಗೆ, ಚಪ್ಪಲಿ ಬಿಟ್ಟ ಜಾಗಕ್ಕೆ ಕರೆದುಕೊಂಡು ಹೋದೆ. ಶಾಲು ಇನ್ನೂ ಹೆಗಲ ಮೇಲಿತ್ತು.

"ಕಾಕಾ, ಆಪರೇಷನ್ ಮಾಡಿಸ್ಕೋರಿ. ಬೇಡ ಅಂತ ಹೇಳಬ್ಯಾಡ್ರಿ."

"ಯಾಕ? ನೀನs ಹೇಳಿದಿ ಅಲ್ಲ?"

"ಅವತ್ತು ನೀವು ನೋಡಿದ್ದು ಸರಿಯಾದ ಡಿಶ್ ಅಲ್ಲ."

"ಅಂದ್ರ?"

ಗುಳ್ಳೆಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಅದು ಈಗ ಅವರಿಗೆ ಅಭ್ಯಾಸವಾಗಿದೆ.

"ಅಂದ್ರ ಅವು ಹರದs ಇರಲಿಲ್ಲ."

"ಇರಲಿಲ್ಲ ಕಾಕಾ."

"ನಂದು ಹರದದ."

"ಹೂಂ. ಪೂರ್ತಿ ಹರದದ. ಎರಡೂ ತುದಿ ದೂರ ದೂರ ಅದಾವ. ಜೋಡಸದಿದ್ರ ದಾರಿ ಸಿಗೂದಿಲ್ಲ. ತಡಾ ಆದ್ರ ಆಮ್ಯಾಲ ಬೆಳದ್ರೂ ಬೆರಳು ಕೇಳೂದಿಲ್ಲ."

ಕಾಕಾ ಬೆರಳುಗಳನ್ನು ನೋಡಿಕೊಂಡರು. ಕಾಕು ಹೇಳಿದರು. ಅವರು ಯಾವತ್ತೂ ಏರುದನಿಯಲ್ಲಿ ಮಾತಾಡುವವರಲ್ಲ, ಅವತ್ತೂ ಆಡಲಿಲ್ಲ. "ಇದನ್ನ ಮ್ಯಾಲ ನಿಂತು ಮೈಕಿನ್ಯಾಗ ಯಾಕ ಹೇಳಲಿಲ್ಲ? ಶಾಲು ಜಾರಿ ಬೀಳ್ತಿತ್ತೇನು?"

"ಇರಲಿ ಬಿಡs," ಎಂದರು ಕಾಕಾ, "ಹುಡುಗಿ."

ಬೈದಿದ್ದರೆ ಚೆನ್ನಾಗಿತ್ತು. ಕಾಕಾ ಒಳಗೆ ಹೋಗಿ ಸಾಲಿನಲ್ಲಿ ನಿಂತರು. ಬಿಸಿಬೇಳೆ ಭಾತಿಗೆ ಚಮಚ ಕೇಳಿ ಇಸಿದುಕೊಂಡರು. ಬಡಿಸುತ್ತಿದ್ದವರು ಯಾರೋ "ಏನ್ ಸಾರ್, ನೀವೂ ಗುಜರಾತಿ ಆಗ್ಬಿಟ್ರಾ, ಕೈಯಲ್ಲಿ ಊಟ ಮಾಡಲ್ವಾ?" ಎಂದು ತಮಾಷೆ ಮಾಡಿದರು. ಕಾಕಾ ನಕ್ಕರು. ನಾನು ಆ ತಮಾಷೆ ಕೇಳುವಷ್ಟು ಹತ್ತಿರದಲ್ಲಿದ್ದೆ, ಉತ್ತರ ಕೊಡುವಷ್ಟು ಹತ್ತಿರದಲ್ಲೂ ಇದ್ದೆ.

ಮಾರನೆಯ ದಿನ ಕನ್ನಡ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಬೇಕು, ನಾನು ಯಾರ ನರವನ್ನೂ ಬೆಳೆಸುತ್ತಿಲ್ಲ, ಯಾರೂ ಚಿಕಿತ್ಸೆ ಬಿಡಬಾರದು ಎಂದೆ. "ಅಯ್ಯೋ, ಬಿಡಮ್ಮ, ಇವತ್ತಲ್ಲ ನಾಳೆ ಬೆಳೆಸ್ತೀಯಲ್ಲ. ಒಳ್ಳೆ ಕಾರ್ಯಕ್ರಮ ಆಯ್ತು, ಅದನ್ನ ಯಾಕೆ ಕೆಡಿಸೋದು?" ಎಂದರು. ನಾನೇ ಬರೆದು ಹಾಕಿದೆ. ಅದರ ಕೆಳಗೆ ಕೈಮುಗಿದ ಚಿತ್ರಗಳು ಬಂದವು, ಹೂವುಗಳು ಬಂದವು. ಯಾರಾದರೂ ಓದಿದರೋ ಇಲ್ಲವೋ ತಿಳಿಯಲಿಲ್ಲ.

ಆಪರೇಷನ್ ಅಹಮದಾಬಾದಿನಲ್ಲಿ ಆಯಿತು, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ. ಕಾಕಾ ಮತ್ತು ಕಾಕು ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದರು. ಸರ್ಜನ್ ಹೊರಗೆ ಬಂದಾಗ ನಾನು ಕೇಳಬೇಕಾದ್ದನ್ನು ಕೇಳಿದೆ. ಸ್ಪರ್ಶ ನಿಧಾನಕ್ಕೆ ಬರಬಹುದು, ಹಿಡಿತದ ಸಣ್ಣ ಸ್ನಾಯುಗಳ ವಿಷಯ ಹೇಳಲಾಗದು, ಇನ್ನೂ ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಎಷ್ಟು ಒಳ್ಳೆಯದಿತ್ತು ಎಂದು ಕೇಳಿದೆ. ಅದನ್ನು ಹೇಳುವುದು ಕಷ್ಟ ಎಂದರು. ಆ "ಕಷ್ಟ" ಎಂಬ ಪದವನ್ನು ನಾನು ಎಷ್ಟು ದಿನ ಹಿಡಿದುಕೊಂಡು ಓಡಾಡಿದೆನೋ. ಕಳೆದದ್ದು ಕೆಲವೇ ವಾರ, ಅದರಿಂದ ಏನೂ ವ್ಯತ್ಯಾಸ ಆಗಿರಲಿಕ್ಕಿಲ್ಲ ಎಂದುಕೊಳ್ಳುವುದು. ಹಾಗೆ ಅಂದುಕೊಂಡು ಸಮಾಧಾನವಾದ ಮರುಕ್ಷಣ, ಸಮಾಧಾನವಾದುದಕ್ಕೇ ಮುಖ ಬಿಸಿಯಾಗುವುದು.

ದೀಪಾವಳಿಗೆ ಸೂರತ್‌ಗೆ ಹೋದೆ. ವಜ್ರದ ಕಾರ್ಖಾನೆಗಳಿಗೆಲ್ಲ ರಜೆ, ಕೆಲಸಗಾರರು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗಿದ್ದರು. ವರಾಛಾ ಅಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ಸಂಜೆ ಕಾಕು ದೀಪಕ್ಕೆಂದು ಬತ್ತಿ ಹೊಸೆಯುತ್ತಿದ್ದರು. ಕಾಕಾ ಪಕ್ಕದಲ್ಲಿ ಬಂದು ಕುಳಿತು ಅಂಗಿಯ ತೋಳು ಮಡಚಿದರು.

"ಡಾಕ್ಟರ್ ಮುಟ್ಟಿ ಮುಟ್ಟಿ ನೋಡ್ತಾರ. ನೀನೂ ನೋಡು. ನೀ ಮಾಡೂದು ಅದೇ ಕೆಲಸ ಅಲ್ಲ?"

ನನಗೆ ಬೇಡವೆನ್ನಿಸಿತು. ಕಾಕು ಒಂದು ಬತ್ತಿಯನ್ನು ಸುಮ್ಮನೆ ನನ್ನ ಕಡೆ ಚಾಚಿದರು.

"ಕಣ್ಣ ಮುಚ್ಚಿರಿ ಕಾಕಾ. ಮುಟ್ಟಿದ್ದು ಗೊತ್ತಾದಾಗ ಅಷ್ಟs ಹೇಳ್ರಿ."

ಅವರು ಕಣ್ಣು ಮುಚ್ಚಿದರು. ಮಣಿಕಟ್ಟಿನ ಗಾಯದ ಗೆರೆ ದಾಟಿ, ಅಂಗೈಯ ಬುಡದಲ್ಲಿ ಬತ್ತಿಯ ತುದಿ ತಾಗಿಸಿದೆ. "ಈಗ," ಎಂದರು. ಬತ್ತಿ ಸರಿಸಿದೆ. ಇನ್ನೂ ಸ್ವಲ್ಪ ಮೇಲೆ. "ಈಗ. ಇರಿವಿ ಹರದಂಗ." ಅಷ್ಟು ದೂರ ಬಂದಿತ್ತು. ನಿಜವಾಗಿಯೂ ಹರಿದು, ನಿಜವಾಗಿಯೂ ಬೆಳೆದು ಬಂದದ್ದು.

ಕಿರುಬೆರಳಿನ ಕಡೆ ಬತ್ತಿ ತೆಗೆದುಕೊಂಡು ಹೋದೆ. ಅಲ್ಲಿಗೆ ತಲುಪುವ ಮುಂಚೆ ಸ್ವಲ್ಪ ನಿಂತೆ.

"ಈಗ," ಎಂದರು ಕಾಕಾ.

ಬತ್ತಿ ಇನ್ನೂ ಗಾಳಿಯಲ್ಲಿತ್ತು. ಅವರ ಮುಚ್ಚಿದ ಕಣ್ಣು, ನನಗಾಗಿ ಸಿದ್ಧವಾಗಿದ್ದ ಆ ನಗು ನೋಡಿದೆ. ಕಾಕು ಹೊಸೆಯುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಕಾಕಾ. ನಾ ಇನ್ನೂ ಮುಟ್ಟಿಲ್ಲ."

"ಮುಟ್ಟಿಲ್ಲೇನು?"

"ಇಲ್ಲ."

ನಗು ಇಳಿಯಿತು. ಕಣ್ಣು ತೆರೆಯಲಿಲ್ಲ. "ಹಂಗಾರ ಮುಟ್ಟು," ಎಂದರು. "ಈ ಸಲ ಅವಸರ ಮಾಡೂದಿಲ್ಲ."

ಬೆರಳ ತುದಿಗೆ ಬತ್ತಿ ತಾಗಿಸಿದೆ. ಕಾದೆ. ಅವರೂ ಕಾದರು. ಸ್ವಲ್ಪ ಒತ್ತಿದೆ.

"ಮುಟ್ಟೀನಿ ಕಾಕಾ," ಎಂದೆ.

ಅವರು ಕಣ್ಣು ತೆರೆದು ಬೆರಳನ್ನು ನೋಡಿದರು. "ಎಲ್ಲೆ?" ಎಂದರು. ನಾನು ಬತ್ತಿಯನ್ನು ತೆಗೆಯದೆ, ಅದು ತಾಗಿದ್ದ ಜಾಗವನ್ನು ತೋರಿಸಿದೆ.